ಪತ್ತಾರ ಓಣಿಯ ಬೆಳ್ಳಿ

ದಕ್ಷಿಣ ಅಮೆರಿಕದ ಪೊಟೋಸಿ ಎಂಬ ಪರ್ವತನಗರದ ಚಿತ್ರವೊಂದನ್ನು ಚರಿತ್ರೆಯ ಪುಸ್ತಕದಲ್ಲಿ ಕಂಡ ನನ್ನ ಮೊಮ್ಮಗಳು, 1545ರಲ್ಲಿ ಅಲ್ಲಿ ಬೆಳ್ಳಿಯ ಗಣಿ ದೊರೆತುದನ್ನೂ, ಸ್ಪೇನಿನವರು ಆ ನಾಡಿನ ಮೂಲನಿವಾಸಿಗಳನ್ನು ಬಲವಂತದ ದುಡಿಮೆಗೆ ಹಚ್ಚಿ ಬೆಟ್ಟದ ಒಡಲನ್ನೇ ತೋಡಿ ತೆಗೆದುದನ್ನೂ ನನಗೆ ಓದಿ ಹೇಳಿ, “ಅಜ್ಜಾ, ನಮ್ಮ ಕಲಬುರಗಿ ಸೀಮಿಯೊಳಗ ಇಂಥ ಗಣಿ ಎಲ್ಲೂ ಇಲ್ಲ. ಹಂಗಾದ್ರ ನಿನ್ನ ಕೊರಳಾಗಿನ ಕರಡಿಗಿ ಬೆಳ್ಳಿ ಎಲ್ಲಿಂದ ಬಂತು?” ಎಂದು ಕೇಳಿದಳು. ಪುಸ್ತಕದಲ್ಲಿ ದೊರೆಯುವ ಉತ್ತರವಲ್ಲ ಅದು. ಕಾಲ್ನಡೆಯಲ್ಲಿ ಹೋಗಿ ಕಾಣಬೇಕಾದುದು. ಅವಳೊಡನೆ ಹೊರಡಲು ನನ್ನ ಮೊಣಕಾಲುಗಳು ಒಪ್ಪದಿರುವುದರಿಂದ, ಅವಳೂ ಅವಳಂಥ ಇತರರೂ ತಾವಾಗಿಯೇ ನಡೆದು ನೋಡಲೆಂದು ಆ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೋಟೆಯಿಂದ ಹೊರಡಬೇಕು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದ ಮೇಲೆ ಈ ಊರು ಅಹಸನಾಬಾದ್ ಎನಿಸಿಕೊಂಡು, ಇಲ್ಲಿಯ ಟಂಕಸಾಲೆಯಲ್ಲಿ ಮುದ್ರಿತವಾದ ಬೆಳ್ಳಿಯ ಟಂಕಗಳು ಆ ಹೆಸರನ್ನೇ ಹೊತ್ತು ದಖ್ಖನದಲ್ಲೆಲ್ಲ ಸಂಚರಿಸಿದವು. ಆ ನಾಣ್ಯಗಳನ್ನು ಸರಾಫರು ಕರಗಿಸಿಬಿಡುತ್ತಿದ್ದರೆಂದೂ, ಎಚ್ಚರಿಕೆಗೆ ಮಣಿಯದ ಅವರಿಗೆ ಮೊದಲನೆಯ ಮಹಮ್ಮದ್ ಶಹನು 1360ರಲ್ಲಿ ಮರಣದಂಡನೆಯನ್ನು ವಿಧಿಸಿದನೆಂದೂ ಚರಿತ್ರಕಾರ ಫೆರಿಷ್ತಾ ಬರೆದಿದ್ದಾನೆ. ಆತನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ವಿದ್ವಾಂಸರು ನಿರ್ಣಯಿಸಲಿ; ನಾಣ್ಯವನ್ನು ಮೂಸೆಗೆ ಹಾಕುವ ಪದ್ಧತಿಯು ಆರುನೂರು ವರ್ಷಗಳ ತರುವಾಯವೂ ಈ ಊರಿನಲ್ಲಿ ಜೀವಂತವಾಗಿದ್ದುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. 1367ರ ಜಾಮಿ ಮಸೀದಿಯ ಕಮಾನುಗಳ ನೆರಳಿನಲ್ಲಿ ತುಸು ಹೊತ್ತು ನಿಂತು, ಕೋಟೆಯಿಂದ ಹೊರಬಿದ್ದು, ಚೌಕದ ಗದ್ದಲವನ್ನು ದಾಟಿದರೆ ಸರಾಫ ಬಜಾರ.

ಈಗಿನ ಗಾಜಿನ ಕಪಾಟುಗಳನ್ನೂ ಕಣ್ಣು ಕೋರೈಸುವ ದೀಪಗಳನ್ನೂ ನೋಡುವವರಿಗೆ ನಂಬಿಕೆ ಬಾರದು. ಐವತ್ತರ ದಶಕದಲ್ಲಿ, ಬಜಾರದ ಬೆನ್ನಿಗಿದ್ದ ಇಕ್ಕಟ್ಟಾದ ಓಣಿಯೊಂದರಲ್ಲಿ, ಎಲ್ಲರೂ ಪತ್ತಾರಜ್ಜನೆಂದೇ ಕರೆಯುತ್ತಿದ್ದ ವೃದ್ಧನೊಬ್ಬನು ತನ್ನ ಮನೆಯ ಪಡಸಾಲೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತು, ಬೆಳಗಿನಿಂದ ದೀಪ ಹಚ್ಚುವವರೆಗೆ ಲಿಂಗದ ಕರಡಿಗೆಗಳನ್ನು ಮಾಡುತ್ತಿದ್ದನು. ಊದುಗೊಳವೆಯ ಒಂದೊಂದು ಉಸಿರಿಗೂ ಇದ್ದಿಲು ಕೆಂಡವಾಗಿ, ಕೆಂಡದ ನಡುವಿನ ಮೂಸೆಯಲ್ಲಿ ಬಿಳಿಗಾರವು ಕುದಿದು, ಬೆಳ್ಳಿಯು ಒಮ್ಮೆಲೇ ಕನ್ನಡಿಯಂತೆ ಹೊಳೆಯುವ ಆ ಕ್ಷಣಕ್ಕಾಗಿ ನಾವು ಹುಡುಗರು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆವು. ಗಟ್ಟಿಯನ್ನು ಅಡಿಗಲ್ಲಿನ ಮೇಲೆ ಬಡಿದು ತಗಡುಮಾಡುವಾಗ ಆತನು ನಡುನಡುವೆ ಸುತ್ತಿಗೆಯನ್ನು ಕೆಳಗಿಟ್ಟು, ತಗಡನ್ನು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದನು. ಏಕೆಂದು ಕೇಳಿದರೆ, “ಬಡದಷ್ಟೂ ಬೆಳ್ಳಿ ಬಿರುಸಾಗ್ತದ ತಮ್ಮಾ, ಹಂಗೇ ಬಡದ್ರ ಸೀಳ್ತದ. ಬೆಂಕಿ ತೋರಿಸಿದ್ರ ಮತ್ತ ಮೆತ್ತಗಾಗ್ತದ,” ಎನ್ನುತ್ತಿದ್ದನು. ಹಾಗೆ ಕಾದು ಕಪ್ಪಿಟ್ಟ ತಗಡನ್ನು ಇಕ್ಕಳದಿಂದ ಹಿಡಿದು ಹುಣಸೆನೀರಿನ ಗಡಿಗೆಗೆ ಅದ್ದಿದೊಡನೆ ಚುಂಯ್ಯೆಂದು ಹೊಗೆಯೆದ್ದು, ಹುಳಿಯೂ ಇದ್ದಿಲೂ ಬಿಸಿಲೋಹವೂ ಬೆರೆತ ಪರಿಮಳವೊಂದು ಓಣಿಯ ಕೊನೆಯವರೆಗೆ ಹರಡುತ್ತಿತ್ತು. ಅದನ್ನು ಪರಿಮಳವೆಂದು ಬೇರೆಯವರು ಒಪ್ಪುವರೋ ಇಲ್ಲವೋ. ನನ್ನ ಮಟ್ಟಿಗೆ ಹಳೆಯ ಗುಲಬರ್ಗಾ ಎಂದರೆ ಅದೇ.

ಆ ಮೂಸೆಗೆ ಬೀಳುತ್ತಿದ್ದ ಬೆಳ್ಳಿಯಾದರೂ ಯಾವುದು? ನಿಜಾಮರ ಹಾಲಿ ಸಿಕ್ಕಾ ಚಲಾವಣೆಯಿಂದ ಕ್ರಮಕ್ರಮವಾಗಿ ಹಿಂತೆಗೆಯಲ್ಪಡುತ್ತಿದ್ದ ವರ್ಷಗಳವು. ಚಾರ್‌ಮಿನಾರಿನ ಚಿತ್ರವಿದ್ದ ಹಳೆಯ ಹಾಲಿ ರೂಪಾಯಿಯಲ್ಲಿ ನೂರಕ್ಕೆ ಸುಮಾರು 82 ಪಾಲು ಬೆಳ್ಳಿಯಿದ್ದರೆ, ಇಂಗ್ಲಿಷರ ಕಲದಾರದಲ್ಲಿ 91ಕ್ಕೂ ಮಿಗಿಲು. 1940ರ ನಂತರದ ಕಲದಾರದಲ್ಲಿ ಅರ್ಧಕ್ಕರ್ಧ ಮಾತ್ರ. ಪತ್ತಾರಜ್ಜನು ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ, ಅದರ ನಾದವನ್ನು ಆಲಿಸಿಯೇ ಇವುಗಳನ್ನು ಬೇರೆಬೇರೆ ಗುಡ್ಡೆ ಹಾಕುತ್ತಿದ್ದನು. ಪೊಟೋಸಿಯ ಬೆಳ್ಳಿ ಸ್ಪೇನಿನ ನಾಣ್ಯವಾಗಿ, ಐರೋಪ್ಯ ವರ್ತಕರ ಹಡಗುಗಳಲ್ಲಿ ಸೂರತ್ತಿಗೆ ಬಂದು, ಮೊಗಲರ ಟಂಕಸಾಲೆಯಲ್ಲಿ ಕರಗಿ ರೂಪಾಯಿಯಾಗಿ, ಆ ರೂಪಾಯಿ ಕಡಗವಾಗಿ, ಕಡಗವು ಬರಗಾಲದಲ್ಲಿ ಮತ್ತೆ ಗಟ್ಟಿಯಾಗಿ ಹರಿದುಬಂದ ಪ್ರವಾಹದ ಒಂದು ಕವಲು ನಮ್ಮ ಓಣಿಯಲ್ಲಿಯೂ ಹರಿಯುತ್ತಿತ್ತೆಂದು ನಾನು ನಂಬುತ್ತೇನೆ. ನನ್ನ ಕರಡಿಗೆಯಲ್ಲಿ ಆ ಬೆಟ್ಟದ ಒಂದು ಗುಲಗಂಜಿಯಷ್ಟಾದರೂ ಇದ್ದಿರಬಹುದು. ಓಣಿಯ ಗಟಾರದ ಕೆಸರನ್ನೂ ಪಡಸಾಲೆಯ ಬೂದಿಯನ್ನೂ ಕೊಂಡೊಯ್ದು, ಮರಿಗೆಯಲ್ಲಿ ತೊಳೆದು, ಬೆಳ್ಳಿಯ ಕಣಗಳನ್ನು ಆರಿಸುತ್ತಿದ್ದ ಜಾಲಗಾರರೂ ಇದ್ದರು. ಅವರ ಮಕ್ಕಳ ಕಾಲುಗಳು ವರ್ಷವಿಡೀ ಆ ನೀರಿನಲ್ಲಿಯೇ ನೆನೆದು ಬೆಳ್ಳಗಾಗಿರುತ್ತಿದ್ದವು.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಸುಳ್ಳು ಹೇಳಿದಂತಾದೀತು. 1972ರ ಬರದಲ್ಲಿ, ಹುಮನಾಬಾದ್ ರಸ್ತೆಯ ಕಮಲಾಪುರದ ಕಡೆಯ ತಾಂಡಾಗಳಿಂದ ಲಂಬಾಣಿ ಹೆಂಗಸರು ಗುಂಪುಗುಂಪಾಗಿ ಬಜಾರಕ್ಕೆ ಬಂದರು. ಒಬ್ಬ ಸಾಹುಕಾರನ ಗಾದಿಯ ಮುಂದೆ, ನನ್ನ ಕಣ್ಣೆದುರಿಗೇ, ಒಬ್ಬ ತಾಯಿ ಕೂದಲಿನಿಂದ ಟೋಪ್ಲಿಯನ್ನೂ ಘೂಗ್ರಿಯನ್ನೂ ಬಿಚ್ಚಿ ತಕ್ಕಡಿಗಿಟ್ಟಳು. ಗಂಡನಿರುವ ಹೆಂಗಸು ಅವನ್ನು ಬಿಚ್ಚುವುದೆಂದರೆ ಏನೆಂಬುದು ಅಲ್ಲಿದ್ದವರೆಲ್ಲರಿಗೂ ತಿಳಿದಿತ್ತು. ಸಾಹುಕಾರನು ಬೆಸುಗೆಯ ನೆವಹೇಳಿ ತೊಲೆಗೆ ಎರಡು ಮಾಸಿ ಲುಕ್ಸಾನು ಹಿಡಿದನು. “ನಮ್ಮವ್ವ ಹಾಕಿದ್ದರಿ ಇದು, ಇದ್ರಾಗ ತಾಮ್ರ ಇಲ್ರಿ ಸಾವ್ಕಾರ್ರ,” ಎಂದು ಆಕೆ ಅಂಗಲಾಚಿದಳು. ಪತ್ತಾರಜ್ಜನಿಗೆ ಕರೆಹೋಯಿತು. ಆತನು ಒರೆಗಲ್ಲಿಗೆ ಉಜ್ಜಿ ನೋಡಿದನು. ಬೆಳ್ಳಿ ಚೊಕ್ಕವೆಂಬುದು ಆತನ ಮುಖದಲ್ಲಿಯೇ ಕಾಣುತ್ತಿತ್ತು. ಆದರೆ ಆತನ ಮೂರು ಹೊತ್ತಿನ ಕೂಳು ಆ ಸಾಹುಕಾರನ ಕೈಯಲ್ಲಿದ್ದುದರಿಂದ ಆತನು ಏನನ್ನೂ ನುಡಿಯದೆ ಕಲ್ಲನ್ನು ಪಂಚೆಯಿಂದ ಒರೆಸಿಕೊಂಡು ಎದ್ದುಹೋದನು. ಆಕೆ ಜೋಳ ಕೊಂಡುಕೊಂಡು ಕಮಲಾಪುರದ ಬಸ್ಸು ಹಿಡಿದಳು. ನಮ್ಮ ಸೀಮೆಯ ಬೆಳ್ಳಿಯ ಗಣಿ ಎಲ್ಲಿದ್ದಿತೆಂಬುದು ನನಗೆ ಅಂದು ತಿಳಿಯಿತು: ಬಡವರ ಹೆಂಗಸರ ಮೈಮೇಲೆ. ಮಳೆ ಹೋದ ವರ್ಷ ಬಜಾರವು ಅದನ್ನು ಅಗೆಯುತ್ತಿತ್ತು. ಪತ್ತಾರಜ್ಜನ ಕೈಗಾರಿಕೆಯನ್ನು ನಾನು ಈಗಲೂ ಪೂಜ್ಯಭಾವದಿಂದ ನೆನೆಯುತ್ತೇನೆ. ಆತನ ಆ ಮೌನವನ್ನು ಮರೆಯಲಾರೆ.

ಕಸುಬು ಹೇಗೆ ಕುಗ್ಗಿತೆಂಬುದನ್ನು ಬೇಗ ಹೇಳಿಬಿಡಬಹುದು. 1963ರ ಚಿನ್ನ ನಿಯಂತ್ರಣದಿಂದ ಕೆಲಸ ಕಳೆದುಕೊಂಡ ಅಕ್ಕಸಾಲಿಗರು ಬೆಳ್ಳಿಗೆ ಇಳಿದು, ಒಂದು ತುತ್ತಿಗೆ ಇಬ್ಬರಾದರು. ಬಳಿಕ ಕೊಲ್ಲಾಪುರದ ಬಳಿಯ ಹುಪರಿಯಿಂದಲೂ ಬೇರೆ ಊರುಗಳಿಂದಲೂ ಸಿದ್ಧವಸ್ತುಗಳು ಪೆಟ್ಟಿಗೆಗಟ್ಟಲೆ ಬಂದವು. ಪತ್ತಾರರ ಮಕ್ಕಳು ಬೆಂಗಳೂರಿಗೂ ಪುಣೆಗೂ ಹೋದರು. ಪತ್ತಾರಜ್ಜನ ಮನೆಯನ್ನು ಕೆಡವಿದವರಿಗೆ ಆ ಪಡಸಾಲೆಯ ನೆಲದಲ್ಲಿ ಅಡಿಗಲ್ಲು ಹೂತಿದ್ದಿತೆಂಬ ಪರಿವೆಯೂ ಇರಲಿಲ್ಲ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡವಿದೆ. ವಿದ್ಯುತ್ ತಕ್ಕಡಿಯೂ ಹಾಲ್‌ಮಾರ್ಕೂ ಬಂದಿರುವುದರಿಂದ ಆ ಎರಡು ಮಾಸಿಯ ಮೋಸಕ್ಕೆ ಇಂದು ಅವಕಾಶ ಕಡಿಮೆ; ಇದನ್ನು ಸಂತೋಷದಿಂದಲೇ ಒಪ್ಪುತ್ತೇನೆ. ಆದರೆ ಬರ ಬಿದ್ದ ವರ್ಷ ತಾಂಡಾದ ಹೆಂಗಸು ಇಂದಿಗೂ ಮೈಮೇಲಿನದನ್ನು ಬಿಚ್ಚುತ್ತಾಳೆ, ಅಚ್ಚುಹಾಕಿದ ರಸೀದಿಯೊಂದು ಅವಳ ಕೈಗೆ ಬರುತ್ತದೆ, ಒಡವೆ ಹಿಂದಿರುಗುವುದಿಲ್ಲ. ಅವಳ ತಾಯಿಯ ಟೋಪ್ಲಿ ದೂರದ ನಗರಗಳಲ್ಲಿ ಶ್ರೀಮಂತರ ಗೋಡೆಯ ಅಲಂಕಾರವಾಗಿದೆ. ಕಮಲಾಪುರದ ಕೆಂಪುಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದು ನ್ಯಾಯವೇ ಸರಿ; ಅದೇ ನೆಲದ ಹೆಂಗಸರು ತೊಟ್ಟ ಬೆಳ್ಳಿಯನ್ನು, ಅದನ್ನು ಮಾಡಿದ ಕೈಗಳನ್ನು, ಒಂದು ಹಾಳೆಯ ಮೇಲಾದರೂ ದಾಖಲಿಸಬೇಕೆಂದು ಈ ಊರಿನ ಯಾವ ವಿದ್ಯಾವಂತನಿಗೂ ಅನ್ನಿಸದೆ ಹೋದುದು ಅನ್ಯಾಯ.

ಬ್ರಹ್ಮಪುರ, ಶಹಾಬಜಾರಗಳ ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಕಂಬಚ್ಚು, ಒರೆಗಲ್ಲು, ಊದುಗೊಳವೆ, ಗುಲಗಂಜಿಯ ತ್ರಾಸು ಉಳಿದಿರಬಹುದು. ಮನೆ ಕೆಡವುವ ಮುನ್ನ ಅವನ್ನು ಗುಜರಿಗೆ ಹಾಕದೆ, ಯಾರ ಕೈಯ ಉಪಕರಣವೆಂಬುದನ್ನು ಚೀಟಿಯಲ್ಲಿ ಬರೆದು, ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿರಿ. ಅಜ್ಜಿಯ ಕಡಗವನ್ನು ಮಾರಲೇಬೇಕಾಗಿ ಬಂದವರು, ಅದರ ತೂಕವನ್ನೂ ಅದು ಯಾವ ಬರಕ್ಕೆ ಹೋಯಿತೆಂಬುದನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ.