ನೀರು ಬರುತ್ತಾ?

ನಮ್ಮ ಕಡೆ ಹೆಣ್ಣು ಕೊಡುವವರು, ಬಾಡಿಗೆ ಮನೆ ಹಿಡಿಯುವವರು, ಹೊಲ ಕೊಳ್ಳುವವರು ಎಲ್ಲರೂ ಮೊದಲು ಕೇಳುವ ಮಾತು ಒಂದೇ. “ನೀರು ಬರ್ತೈತಾ?” ವರನ ಸಂಬಳ, ಅತ್ತೆಯ ಬಾಯಿ, ನಾದಿನಿಯರ ಲೆಕ್ಕ ಇವೆಲ್ಲ ಆಮೇಲಿನ ವಿಚಾರ. ನಮ್ಮ ಕಡೆ ಅಂದರೆ ಜಗಳೂರು ತಾಲ್ಲೂಕಿನ ಸೊಕ್ಕೆ. ಸರ್ಕಾರದವರು ಬರಪೀಡಿತ ತಾಲ್ಲೂಕುಗಳ ಪಟ್ಟಿ ತೆಗೆದಾಗ ಜಗಳೂರಿನ ಹೆಸರು ಹುಡುಕುವ ಕಷ್ಟ ನಮಗೆ ಇರುತ್ತಿರಲಿಲ್ಲ. ಕೊಳವೆಬಾವಿ ಕೊರೆಸಿ ಬರೀ ಧೂಳೆದ್ದರೆ ಗಂಡಸರು ತಲೆಗೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ನೀರು ಬಿದ್ದರೂ ಎಷ್ಟೋ ಕಡೆ ಅದು ಫ್ಲೋರೈಡಿನ ನೀರು. ಕೊಡ ಹೊತ್ತು ಹೊತ್ತು ನಮ್ಮವ್ವನ ನೆತ್ತಿಯ ಕೂದಲು ಸವೆದು, ಸಿಂಬೆ ಇಡುವ ಜಾಗ ಬೋಳಾಗಿತ್ತು.

ಹಾಗಾಗಿ ನನ್ನನ್ನು ಹೊನ್ನಾಳಿ ಕಡೆಗೆ ಕೊಟ್ಟಾಗ ಊರವರೆಲ್ಲ “ಹೊಳೆಸಾಲಿಗೆ ಬಿದ್ದಳು, ಪುಣ್ಯವಂತೆ” ಅಂದರು. ಆಗ ಸೊಕ್ಕೆ ಚಿತ್ರದುರ್ಗ ಜಿಲ್ಲೆ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ನನ್ನ ತವರು, ಗಂಡನ ಮನೆ ಎರಡೂ ಒಂದೇ ಜಿಲ್ಲೆಗೆ ಸೇರಿದವು. ಬಸ್ಸಿನ ಚಾರ್ಜು ಮಾತ್ರ ಕಡಿಮೆಯಾಗಲಿಲ್ಲ ಬಿಡಿ!

ಇವರು ಹೈಸ್ಕೂಲು ಮೇಷ್ಟ್ರು. ಇಪ್ಪತ್ತು ವರ್ಷ ಹೊನ್ನಾಳಿಯಲ್ಲೇ ಬಾಡಿಗೆ ಮನೆಗಳನ್ನು ಬದಲಾಯಿಸುತ್ತ ಕಳೆದೆವು. ನಿವೃತ್ತಿಗೆ ನಾಲ್ಕು ವರ್ಷ ಇದೆ ಅನ್ನುವಾಗ ಸ್ವಂತ ಮನೆಯ ಮಾತು ಬಂತು. ಸೊಕ್ಕೆಯಲ್ಲಿ ನನ್ನ ಪಾಲಿಗೆ ಬಂದ ಎರಡೆಕರೆ ಬೆದ್ದಲು ಹೊಲವನ್ನು ಅಣ್ಣ ತಾನೇ ಕೊಂಡುಕೊಂಡು ದುಡ್ಡು ಕೊಟ್ಟ. ಅದು, ಇವರ ಪಿ.ಎಫ್. ಸಾಲ, ಅವ್ವ ಬಿಚ್ಚಿ ಕೊಟ್ಟ ಎರಡು ಬಳೆ. ಇಷ್ಟೇ ನಮ್ಮ ಗಂಟು. ಮಳೆ ಕಾಣದ ಹೊಲ ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಕಣ್ಣಿಟ್ಟು ನೋಡುವವಳಿದ್ದೆ.

ಇಲ್ಲಿ ಹೊಳೆಯ ವಿಷಯ ಒಂದಿಷ್ಟು ಹೇಳಬೇಕು. ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ ನಮ್ಮೂರ ಪಕ್ಕ ಹರಿದು ಹರಿಹರದ ಕಡೆ ಹೋಗುತ್ತಾಳೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ದೊಡ್ಡ ಅಣೆಕಟ್ಟು, 71.5 ಟಿ.ಎಂ.ಸಿ. ನೀರು ಹಿಡಿಯುತ್ತದೆ. ತುಂಗೆಯ ಗಾಜನೂರು ಅಣೆಕಟ್ಟಿನದು ಬರೀ 3.24. ನಾವು ಹೆಂಗಸರ ಲೆಕ್ಕದಲ್ಲಿ ಹೇಳುವುದಾದರೆ ಒಂದು ಹಂಡೆ, ಇನ್ನೊಂದು ಚೊಂಬು. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಚೊಂಬು ಬೇಗ ತುಂಬುತ್ತದೆ. ಆಮೇಲೆ ಬಂದದ್ದೆಲ್ಲ ಕೆಳಕ್ಕೆ. ಹೊನ್ನಾಳಿಯಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು! ಸೊಕ್ಕೆಯವಳಾದ ನನಗೆ ಇದು ಅರ್ಥವಾಗುವುದಕ್ಕೆ ಬಹಳ ಕಾಲ ಹಿಡಿಯಿತು. ನೀರು ಬೇಕಾದರೆ ಮೋಡ ನೋಡಬೇಕು ಎಂದು ಕಲಿತವಳು ನಾನು. ಇಲ್ಲಿಯವರು ನೋಡುವುದು ಶಿವಮೊಗ್ಗದ ಕಡೆಯ ಸುದ್ದಿಯನ್ನು. ಅಲ್ಲಿ ತುಂಗೆಯ ಮಧ್ಯೆ ಕೋರ್ಪಲಯ್ಯನ ಛತ್ರದ ಹತ್ತಿರ ಒಂದು ಕಲ್ಲಿನ ಮಂಟಪವಿದೆ. “ಮಂಟಪ ಮುಳುಗಿತಾ?” ಎಂದು ಅಲ್ಲಿರುವ ನೆಂಟರನ್ನು ಫೋನಿನಲ್ಲಿ ಕೇಳಿ, ಮುಳುಗಿತು ಅಂದರೆ ಅಕ್ಕಿ ಮೂಟೆ ಮೇಲಕ್ಕೆ.

2019ರ ಆಗಸ್ಟ್‌ನಲ್ಲಿ ಕರ್ನಾಟಕದ ಅರ್ಧ ಭಾಗವೇ ನೀರಿನಲ್ಲಿ ನಿಂತಿತ್ತಲ್ಲ, ಆಗ ಹೊನ್ನಾಳಿಯ ಬಾಲರಾಜ್ ಘಾಟ್ ಕಡೆಯ ಮನೆಗಳಿಗೂ ಹೊಳೆ ನುಗ್ಗಿತ್ತು. ನಾವು ಮನೆ ಹುಡುಕಲು ಹೊರಟದ್ದು ಅದಾಗಿ ಐದು ತಿಂಗಳಿಗೆ, 2020ರ ಜನವರಿಯಲ್ಲಿ. ಹೊಳೆ ಆಗ ತೆಳ್ಳಗೆ, ಸಾಧುವಾಗಿ, ಬಟ್ಟೆ ಒಗೆಯುವವರ ಜೊತೆ ಮಾತಾಡುತ್ತ ಹೋಗುತ್ತಿತ್ತು. ದಲ್ಲಾಳಿ ತೋರಿಸಿದ ಮನೆಯೂ ಹಾಗೇ, ನೋಡಿದೊಡನೆ ಮನಸ್ಸು ಸೋಲುವಂಥದ್ದು. ಮೂರು ರೂಮು, ಹಿತ್ತಿಲಲ್ಲಿ ನಾಲ್ಕು ತೆಂಗು, ಸೇದುವ ಬಾವಿ. ಬಾವಿಗೆ ಬಗ್ಗಿ ನೋಡಿದರೆ ನೀರು ಕೈಗೆ ಸಿಗುವಷ್ಟು ಮೇಲೆ! ಬೆಲೆ 14 ಲಕ್ಷ. ಅಷ್ಟೇ ದೊಡ್ಡ ಮನೆಗೆ ಮೇಲಿನ ಬೀದಿಗಳಲ್ಲಿ 20ಕ್ಕೆ ಕಡಿಮೆ ಯಾರೂ ಮಾತೇ ಆಡುತ್ತಿರಲಿಲ್ಲ. ಜೊತೆಗೆ ಬಂದಿದ್ದ ಅವ್ವ ಬಾವಿಕಟ್ಟೆ ಹಿಡಿದುಕೊಂಡು ನಿಂತವಳು ಆ ಕಡೆ ಈ ಕಡೆ ಕದಲಲಿಲ್ಲ. “ಇಂಥಾ ಬಾವಿ ಬಿಟ್ಟು ಬ್ಯಾರೆ ನೋಡ್ತೀಯೇನೇ?” ಅಂದಳು. ಇವರಂತೂ ಆಗಲೇ ಪುಸ್ತಕದ ಬೀರು ಯಾವ ಗೋಡೆಗೆ ಎಂದು ಗೇಣು ಹಾಕಿ ಅಳೆಯುತ್ತಿದ್ದರು.

ಕಾಗದಪತ್ರಗಳೂ ಸ್ವಚ್ಛ. ಖಾತೆ ಸರಿ, ಕಂದಾಯ ಕಟ್ಟಿದ ರಸೀದಿ ಸರಿ, ಉಪನೋಂದಣಿ ಕಚೇರಿಯಿಂದ ತೆಗೆಸಿದ ಋಣಭಾರ ಪತ್ರದಲ್ಲಿ ಒಂದು ಕಾಸಿನ ಸಾಲವಿಲ್ಲ. ಯಾರು ಯಾರಿಗೆ ಮಾರಿದರು, ಯಾರು ಯಾವಾಗ ಅಡವಿಟ್ಟರು, ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾರ ಹಿತ್ತಿಲು ಎಲ್ಲವೂ ಬರೆದಿದೆ. ಆದರೆ ಇಂಥ ವರ್ಷ ಈ ಮನೆಯೊಳಗೆ ಇಷ್ಟು ಎತ್ತರ ನೀರು ನಿಂತಿತ್ತು ಎಂದು ಬರೆಯುವುದಕ್ಕೆ ಯಾವ ಕಾಗದದಲ್ಲೂ ಒಂದು ಸಾಲು ಇಲ್ಲ ನೋಡಿ. ಹೊಳೆ ಬಂದು ಮೂರು ದಿನ ಇದ್ದು ಹೋದರೂ ಅದಕ್ಕೆ ಖಾತೆಯಿಲ್ಲ.

ನಮ್ಮ ಪ್ರಶ್ನೆಯನ್ನೇ ನಾನು ದಲ್ಲಾಳಿಗೆ ಕೇಳಿದೆ. “ನೀರು ಬರುತ್ತಾ?” ಅವನು ನಲ್ಲಿಯ ಕಡೆ ಕೈ ತೋರಿಸಿದ!

ಮರುದಿನ ಇವರಿಗೆ ಹೇಳದೆ ಒಬ್ಬಳೇ ಹೋದೆ. ಮಟಮಟ ಮಧ್ಯಾಹ್ನ, ಗಂಡಸರು ಮನೆಯಲ್ಲಿರದ ಹೊತ್ತು. ಪಕ್ಕದ ಮನೆಯ ಹೆಂಗಸು ಜಗಲಿಯಲ್ಲಿ ರೊಟ್ಟಿಯ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಕುಡಿಯಲು ನೀರು ಕೇಳಿ, ಒಳಗೆ ಕೂತು, ಊರು ಕೇರಿ ಮಕ್ಕಳು ಮರಿ ಎಲ್ಲ ಆದ ಮೇಲೆ ಅದೇ ಮಾತು ತೆಗೆದೆ. ಆಕೆ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿದರು. ನಮ್ಮೂರಲ್ಲಿ ಬೀದಿಗೆಲ್ಲ ಕೇಳುವಂತೆ ಹೇಳುವ ಉತ್ತರವನ್ನು ಇಲ್ಲಿ ಪಿಸುಮಾತಿನಲ್ಲಿ ಹೇಳಿದರು. “ಬರ್ತೈತಕ್ಕಾ. ಹೋದ ಸಲ ನನ್ನ ಸೊಂಟಮಟ ಬಂದಿತ್ತು.”

ಅಲ್ಲಿಂದ ಮುಂದೆ ಅವರು ತೋರಿಸಿದ್ದನ್ನು ನಾನು ಯಾವ ಇಂಜಿನಿಯರನಿಂದಲೂ ಕಲಿಯುತ್ತಿರಲಿಲ್ಲ. ಅವರ ಕಬ್ಬಿಣದ ಬೀರುವಿನ ಮೇಲೆ ಮೊಣಕಾಲಿಗಿಂತ ಮೇಲೆ ಒಂದೇ ಸಮನಾದ ತುಕ್ಕಿನ ಗೆರೆ. ಕರೆಂಟಿನ ಸ್ವಿಚ್ಚುಗಳೆಲ್ಲ ಕೈ ಎತ್ತಿ ಒತ್ತುವಷ್ಟು ಎತ್ತರದಲ್ಲಿ. ಗ್ಯಾಸ್ ಸಿಲಿಂಡರಿಗೆ ಕಿಟಕಿಯ ಸರಳಿನಿಂದ ಹಗ್ಗ, ತೇಲಿ ಹೋಗದಿರಲೆಂದು. ಬಾಗಿಲುಗಳ ಕೆಳತುದಿ ಉಬ್ಬಿದ್ದನ್ನು ಬಡಗಿ ಉಜ್ಜೋಡಿ ಹೊಡೆದು ತೆಗೆದ ಗುರುತು. ನೀರು ಇಳಿದ ಮೇಲೆ ಇನ್ನೂ ಕಷ್ಟವಂತೆ. ಗೋರಿ ಹಾಕುವಷ್ಟು ಕೆಸರು, ಅದರಲ್ಲಿ ಹಾವು, ಕಕ್ಕಸಿನ ಗುಂಡಿ ಉಕ್ಕಿ ಬಾವಿಗೂ ಸೇರಿರುತ್ತದೆ. ಹೌದು, ನಮ್ಮವ್ವ ಮರುಳಾದ ಅಂಥದೇ ಬಾವಿ. ಆ ವರ್ಷ ಸರ್ಕಾರ ನೀರು ನುಗ್ಗಿದ ಮನೆಗಳಿಗೆ ತುರ್ತು ಪರಿಹಾರವೆಂದು 10,000 ರೂಪಾಯಿ ಘೋಷಿಸಿತ್ತು. “ಹಾಸಿಗಿ ಹೊದಿಕಿಗೇ ಆಗೋತು” ಅಂದರು ಆಕೆ.

ಮತ್ತೆ ದಲ್ಲಾಳಿಯ ಮನೆಗೆ ಹೋಗಿ ನೋಡಿದಾಗ ನನಗೆ ಅದು ಬೇರೆಯೇ ಮನೆಯಂತೆ ಕಂಡಿತು. ಗೋಡೆಗೆ ನೆಲದಿಂದ ನಾಲ್ಕಡಿಯವರೆಗೆ ಮಾತ್ರ ಹೊಸ ಆಯಿಲ್ ಪೇಂಟ್. ಅದರ ಮೇಲೆ ಹಳೆಯ ಸುಣ್ಣ. ನಿನ್ನೆ ನಾನು ಅದನ್ನು ಅಲಂಕಾರ ಅಂದುಕೊಂಡು ಮೆಚ್ಚಿದ್ದೆ. 14 ಲಕ್ಷಕ್ಕೂ 20 ಲಕ್ಷಕ್ಕೂ ನಡುವಿನ ಆರು ಲಕ್ಷ ಯಾರ ಔದಾರ್ಯವೂ ಅಲ್ಲ, ಹೊಳೆಯ ಪಾಲು.

ಮನೆಯಲ್ಲಿ ಎರಡು ದಿನ ಮಾತಿನ ಮೇಲೆ ಮಾತು. ಇವರದು ಮೇಷ್ಟ್ರ ವಾದ: ನೀರು ಪ್ರತಿ ವರ್ಷ ಬರುವುದಿಲ್ಲ, ಬಂದರೂ ಮೂರು ದಿನ, ಮುನ್ನೂರ ಅರವತ್ತೆರಡು ದಿನ ಸುಖವಿದೆಯಲ್ಲ ಎಂದು. ಲೆಕ್ಕ ತಪ್ಪೇನಲ್ಲ. ಆದರೆ ಆ ಮೂರು ದಿನದ ಕೆಸರು ತೊಳೆಯುವವರು ಯಾರು? ಮಂಡಿನೋವಿನ ಅತ್ತೆಯನ್ನು ಅರ್ಧರಾತ್ರಿಯಲ್ಲಿ ಎತ್ತಿಕೊಂಡು ಮೇಲಿನ ಬೀದಿಗೆ ಹೋಗುವವರು ಯಾರು? ಕೊನೆಗೆ ಅತ್ತೆಯೇ ತೀರ್ಮಾನ ಕೊಟ್ಟರು. “ಹೊಲ ಅವಳದು, ಅವಳು ಹೇಳಿದ ಮನೀನೇ ತಗೊಳ್ಳಿ.” ಹಾಗೆ ಅಂದವರು ಅದೇ ಅತ್ತೆ, ಮದುವೆಯಾದ ಹೊಸದರಲ್ಲಿ ನಾನು ನೀರನ್ನು ಅಳೆದು ಬಳಸುವುದನ್ನು ಕಂಡು ಜಿಪುಣಿ ಅನ್ನುತ್ತಿದ್ದವರು!

ನಾವು ಕೊಂಡದ್ದು ಅದೇ ಊರಿನಲ್ಲಿ, ಅದೇ ಇಳಿಜಾರಿನ ಮೇಲ್ಗಡೆ, ಎರಡೇ ರೂಮಿನ ಹಳೇ ಹಂಚಿನ ಮನೆ. ತಾರಸಿಯ ಒಂದು ಕೋಣೆ ಮೇಲಿದೆ. ಹಿತ್ತಿಲಿಲ್ಲ, ಬಾವಿಯಿಲ್ಲ, ಹೊಳೆಯೂ ಕಾಣುವುದಿಲ್ಲ. ಅದನ್ನು ಕೊಳ್ಳುವ ಮುಂಚೆ ಬೀದಿಯ ಆರು ಮನೆಯ ಹೆಂಗಸರನ್ನು ಬೇರೆ ಬೇರೆಯಾಗಿ ಕೇಳಿದೆ. 2019ರ ನೀರು ಎಲ್ಲಿ ನಿಂತಿತು ಎಂದು ಆರೂ ಜನ ತೋರಿಸಿದ್ದು ಒಂದೇ ಕರೆಂಟ್ ಕಂಬವನ್ನು. ನಮ್ಮ ಮನೆಗೆ ಅದು ಐದು ಮನೆ ಕೆಳಗೆ. ನಾಳೆ ಅದಕ್ಕಿಂತ ದೊಡ್ಡದು ಬರುವುದಿಲ್ಲ ಎಂದು ಬರೆದುಕೊಟ್ಟವರು ಯಾರೂ ಇಲ್ಲವಲ್ಲ, ಅದಕ್ಕೇ ವಿಮೆಯನ್ನೂ ಮಾಡಿಸಿದ್ದೇನೆ. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಬಂದಿದೆ. ಬೆಂಕಿಯ ಜೊತೆ ಪ್ರವಾಹವೂ ಅದರಲ್ಲಿ ಸೇರಿದೆ. ಪಾತ್ರೆ ಪಡಗ ಒಳಗೊಂಡಿದೆಯೇ ಎಂದು ಕೇಳಿ ತಿಳಿದೇ ಸಹಿ ಹಾಕಿದೆ.

ನಾವು ಬಿಟ್ಟ ಮನೆಗೆ ಗಿರಾಕಿ ಬರಲು ತಡವಾಗಲಿಲ್ಲ. ಗಾರೆ ಕೆಲಸದವನು, ಹೆಂಡತಿ, ಮೂರು ಮಕ್ಕಳು. ಮನೆ ನೋಡಲು ಬಂದಿದ್ದ ದಿನ ಆಕೆ ನಮ್ಮ ಬೀದಿಯಲ್ಲಿ ಕಾಣಿಸಿದಳು. ಹೇಳಬೇಕೋ ಬೇಡವೋ? ಇವರು “ನಿನಗ್ಯಾಕೆ ಊರ ಉಸಾಬರಿ, ದಲ್ಲಾಳಿ ಜಗಳಕ್ಕೆ ಬರ್ತಾನೆ” ಅಂದರು. ಬಂದದ್ದೂ ನಿಜ. ಆದರೆ ಪಕ್ಕದ ಮನೆಯಾಕೆ ನನಗೆ ಹೇಳಿರದಿದ್ದರೆ? ಕರೆದು ಕೂರಿಸಿ, ಕಾಫಿ ಕೊಟ್ಟು, ಸೊಂಟಮಟದ ಲೆಕ್ಕವನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ಗೊತ್ತೈತಕ್ಕಾ. ಅದ್ಕೇ ನಮ್ಮ ಕೈಗೆ ಸಿಗ್ತಿರೋದು. ನೀರು ಬರದಿರೋ ಮನೀಗೆ ನಮ್ಮ ಹತ್ರ ದುಡ್ಡೆಲ್ಲೈತಿ?” ಅಂದಳು. ನನಗೆ ಮುಂದೆ ಮಾತೇ ಹೊರಡಲಿಲ್ಲ. ತಿಳಿದದ್ದನ್ನು ಹೇಳಬಹುದಿತ್ತು, ಹೇಳಿದೆ. ಆರು ಲಕ್ಷ ಕೊಡುವ ಶಕ್ತಿ ನನ್ನ ಬಾಯಿಮಾತಿಗೆ ಎಲ್ಲಿಂದ ಬರಬೇಕು?

ಕೊಂಡರು. ಕೊಂಡ ಮೇಲೆ ಅವನು ಕಸುಬು ಬಲ್ಲವನಲ್ಲವೇ, ನಡುಮನೆಯ ಉದ್ದಕ್ಕೂ ಗಟ್ಟಿಯಾದ ಅಟ್ಟ ಕಟ್ಟಿದ. ಒಲೆಕಟ್ಟೆ ಎತ್ತರಿಸಿದ. ಆಕೆ ಮಕ್ಕಳ ಶಾಲೆಯ ಕಾಗದ, ರೇಷನ್ ಕಾರ್ಡು, ಕ್ರಯಪತ್ರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಜಂತೆಗೆ ತೂಗುಹಾಕಿದಳು.

2024ರ ಜುಲೈ ಕೊನೆಯಲ್ಲಿ ಚೊಂಬಿನ ಜೊತೆ ಹಂಡೆಯೂ ತುಂಬಿತು. ಭದ್ರೆಯ ಗೇಟುಗಳನ್ನು ಎತ್ತಿದರು ಎಂಬ ಸುದ್ದಿ ಬಂದಾಗ ತುಂಗೆ ಆಗಲೇ ಮಂಟಪ ನುಂಗಿಯಾಗಿತ್ತು. ಸಂಜೆಯ ಹೊತ್ತಿಗೆ ಆಕೆ ಮಕ್ಕಳನ್ನೂ ಎರಡು ಮೇಕೆಗಳನ್ನೂ ಹೊಡೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಮೇಲಿನ ಕೋಣೆಯಲ್ಲಿ ಮಕ್ಕಳು, ಅವುಗಳ ಪಕ್ಕ ಇವರ ಪುಸ್ತಕದ ಬೀರು, ಬೀರುವಿಗೆ ಕಟ್ಟಿದ ಮೇಕೆ. ಒಂದು ಮೇಕೆ ಹತ್ತನೇ ತರಗತಿಯ ಗಣಿತದ ಗೈಡನ್ನು ಅರ್ಧ ತಿಂದಿತು. ರಾತ್ರಿಯೆಲ್ಲ ನಾನೂ ಆಕೆಯೂ ಟಾರ್ಚ್ ಹಿಡಿದು ಹೋಗಿ ಹೋಗಿ ಕರೆಂಟ್ ಕಂಬ ನೋಡಿಕೊಂಡು ಬಂದೆವು. ನೀರು ಸದ್ದಿಲ್ಲದೆ ಏರುತ್ತದೆ. ಭೋರ್ಗರೆಯುತ್ತದೆ ಅಂತ ಬರೆಯುವವರು ಬೀದಿಗೆ ಬಂದ ಹೊಳೆಯನ್ನು ನೋಡಿಲ್ಲ. ಕಂಬಕ್ಕೆ ಎರಡು ಮಾರು ಇರುವಾಗ ನಿಂತಿತು.

ಅವ್ವ ಸೊಕ್ಕೆಯಿಂದ ಫೋನು ಮಾಡಿದ್ದಳು. ಈಗ ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ ಇದೇ ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ತಾಲ್ಲೂಕಿನ ಕೆರೆಗಳಿಗೆ ಹರಿಸುವ 57 ಕೆರೆಗಳ ಯೋಜನೆ ಇದೆಯಲ್ಲ, ಅವಳಿಗೆ ಅದರದ್ದೇ ಸಂಭ್ರಮ. “ನಿಮ್ಮ ಕಡೆ ಹೊಳಿ ಬಂದೈತಂತೆ, ನಮ್ಮ ಕಡೆಗೂ ಕಳಸ್ರೇ” ಅಂದಳು. ಆಕೆಯ ಗಂಡ ಮೆಟ್ಟಿಲಲ್ಲಿ ಕೂತು ಬೀಡಿ ಹಚ್ಚದೆ ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದ. ನಾನು ಫೋನು ತೆಗೆದುಕೊಂಡು ಒಳಗೆ ಹೋದೆ.

ಮೂರನೇ ದಿನ ಇಳಿಯಿತು. ಅವರ ಮನೆಗೆ ನಾವೂ ಪೊರಕೆ ಹಿಡಿದು ಹೋದೆವು. ಅಟ್ಟದ ಮೇಲಿನ ಅಕ್ಕಿ ಒಣಗೇ ಇತ್ತು, ಡಬ್ಬಿಯ ಕಾಗದಗಳೂ. ಗೋಡೆಯ ಮೇಲೆ ಕೆಸರಿನ ಗೆರೆ ಆಕೆಯ ಮೊಣಕಾಲಿಗಿಂತ ಗೇಣು ಮೇಲೆ. ಗಂಡ ಬಣ್ಣ ಬಳಿಯಲು ಬಂದಾಗ ಬಾಗಿಲ ಪಕ್ಕದ ಒಂದು ಮೊಳ ಜಾಗವನ್ನು ಹಾಗೇ ಬಿಡಿಸಿ, ಗೆರೆಯ ಪಕ್ಕದಲ್ಲಿ ದೊಡ್ಡ ಮಗಳ ಕೈಯಲ್ಲಿ ತಾರೀಖು ಬರೆಸಿದ್ದಾಳೆ. ಉದ್ದ ಹಿಡಿಯ ನಮ್ಮ ಬ್ರಷ್ಷು ಇನ್ನೂ ಅವರ ಮನೆಯಲ್ಲೇ ಇದೆ. ಕೇಳಿಲ್ಲ.