ಎಡಕ್ಕೇ ತಿರುಗುವ ದಾರಿ

ಕೊಪ್ಪಳದಿಂದ ಮೂಡಣಕ್ಕೆ ಗಂಗಾವತಿ, ಅಲ್ಲಿಂದ ಬಡಗಣಕ್ಕೆ ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿ, ಆಮೇಲೆ ಪಡುವಣಕ್ಕೆ ಹೊರಳಿ ಯಲಬುರ್ಗಾ, ಕುಕನೂರಿನ ಮೇಲೆ ಮರಳಿ ಕೊಪ್ಪಳ. ಬೈಕಿನಲ್ಲಿ ಈ ಸುತ್ತು ಹಾಕಬೇಕೆಂದು ನಕ್ಷೆ ಬಿಡಿಸಿದಾಗ ಕಣ್ಣಿಗೆ ಬಿದ್ದದ್ದು, ಇದು ಉದ್ದಕ್ಕೂ ಎಡಕ್ಕೇ ತಿರುಗುವ ದಾರಿ. ಸ್ಪೀಡ್‌ವೇ ಪಂದ್ಯದ ಬೈಕುಗಳೂ ಹೀಗೆ ಎಡಕ್ಕೇ ತಿರುಗುತ್ತವೆ. ಆ ಆಟದ ಹುಚ್ಚು ನನಗೆ ಹಿಡಿದು ಬಹಳ ಕಾಲವಾಯಿತು. ಅಂಥ ಆಟಕ್ಕೆ ಈ ಸೀಮೆಯಲ್ಲಿ ನೆಲೆ ಸಿಕ್ಕೀತೇ ಎಂದು ನೋಡಿ ಬರಲು ಹೊರಟೆ.

ಡಿಸೆಂಬರಿನ ಬೆಳಗು. ಗವಿಮಠದ ಕೆಳಗಿನ ಬಯಲು ಖಾಲಿ ಇತ್ತು. ತಿಂಗಳು ಕಳೆದರೆ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಾಂತರ ಜನ, ಮಹಾರಥ, ದಾಸೋಹದ ರೊಟ್ಟಿ, ಮಾದಲಿ. ಸ್ಪೀಡ್‌ವೇ ಹುಟ್ಟಿದ್ದೂ ಇಂಥದೇ ಬಯಲಲ್ಲಿ. 1923ರ ಡಿಸೆಂಬರ್ 15ರ ರಾತ್ರಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡ್ ಎಂಬ ಹಳ್ಳಿಗಾಡಿನ ಊರಲ್ಲಿ, ಕೃಷಿ ಪ್ರದರ್ಶನದ ಮೈದಾನಕ್ಕೆ ವಿದ್ಯುದ್ದೀಪ ಹಚ್ಚಿ ಜಾನಿ ಹಾಸ್ಕಿನ್ಸ್ ಎಂಬಾತ ಬೈಕುಗಳ ಓಟ ಏರ್ಪಡಿಸಿದ. ಮಣ್ಣಿನ ಮೇಲಿನ ಓಟಗಳು ಅದಕ್ಕೂ ಮುಂಚೆ ನಡೆದಿದ್ದವು. ಆದರೂ ಈ ಆಟದ ಕಥೆಯನ್ನು ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ರೈತರ ಜಾತ್ರೆಯಲ್ಲಿ ಹುಟ್ಟಿದ ಕೂಸು ಅದು. ಶ್ರೀಮಂತರ ಡಾಂಬರು ಟ್ರ್ಯಾಕಿಗೂ ಅದಕ್ಕೂ ನಂಟಿಲ್ಲ.

ಆಟ ಸರಳ. ನಾಲ್ಕು ಬೈಕು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರು, ಬ್ರೇಕು ಇಲ್ಲವೇ ಇಲ್ಲ. ತಿರುವಿನಲ್ಲಿ ಸವಾರ ಎಡಗಾಲಿನ ಉಕ್ಕಿನ ಪಾದರಕ್ಷೆಯನ್ನು ನೆಲಕ್ಕೆ ಊರಿ, ಹಿಂಚಕ್ರವನ್ನು ಬೇಕೆಂದೇ ಜಾರಿಸುತ್ತಾನೆ. ಬೈಕು ಎಡಕ್ಕೆ ಹೊರಳುತ್ತಿರುವಾಗ ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿರುತ್ತದೆ. ಗೆದ್ದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ತಂಡದ ಪಂದ್ಯದಲ್ಲಿ ಈ ಅಂಕಗಳನ್ನು ಕೂಡಿಸುತ್ತಾರೆ. ಹಾಗಾಗಿ ಮೂರನೆಯವನಾಗಿ ಬಂದ ಹುಡುಗನ ಒಂದು ಅಂಕದಿಂದಲೂ ಇಡೀ ತಂಡ ಗೆಲ್ಲಬಹುದು. ನನ್ನನ್ನು ಹಿಡಿದದ್ದು ಇದೇ.

ಗಂಗಾವತಿ ಸಮೀಪಿಸುತ್ತಿದ್ದಂತೆ ನೆಲದ ಬಣ್ಣವೇ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸೀಮೆ. ಕೊಯ್ಲು ಮುಗಿದು ಭತ್ತ ರಸ್ತೆಯ ಅರ್ಧಕ್ಕೆ ಒಣಗಲು ಬಿದ್ದಿತ್ತು. ಉಳಿದ ಅರ್ಧದಲ್ಲಿ ಲಾರಿ, ಟ್ರ್ಯಾಕ್ಟರ್, ಮತ್ತೆ ಮುಂದಿನ ಚಕ್ರ ಎತ್ತಿ ಬರುವ ಹುಡುಗರು. ಒಬ್ಬನಿಗೂ ಹೆಲ್ಮೆಟ್ ಇಲ್ಲ. ಚಹಾದಂಗಡಿಯ ಹಿರಿಯರೊಬ್ಬರು, "ಬೈದ್ರ ಕೇಳಂಗಿಲ್ರಿ. ಹೊಡದ್ರ ಮನಿಗೇ ಬರಂಗಿಲ್ಲ" ಎಂದರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾನೂನು ಸರಿಯಾಗಿಯೇ ಇದೆ. ಆದರೆ ಹದಿನಾರು ಹದಿನೇಳರ ಮೈಯೊಳಗಿನ ವೇಗಕ್ಕೆ ಹೆದ್ದಾರಿ ಬಿಟ್ಟು ಬೇರೆ ಜಾಗವನ್ನು ನಾವು ಎಲ್ಲಿ ಕೊಟ್ಟಿದ್ದೇವೆ?

ಕನಕಗಿರಿಯಲ್ಲಿ ಕನಕಾಚಲಪತಿಗೆ ಕೈಮುಗಿದು ಮುಂದೆ ಹೊರಟೆ. ತಾವರಗೇರಾ ಬರುವ ಹೊತ್ತಿಗೆ ಕಾಲುವೆ ನೀರಿನ ಹಸಿರು ಹಿಂದೆ ಉಳಿದಿತ್ತು. ಕೆಂಪು ಮಸಾರಿ, ಕುರುಚಲು, ಬಂಡೆ, ನಡುವೆ ಅಲ್ಲಲ್ಲಿ ದಾಳಿಂಬೆ ತೋಟ. ಬಿಸಿಲು ಇಲ್ಲಿ ಡಿಸೆಂಬರಿನಲ್ಲೂ ಬಿಸಿಲೇ.

ಕುಷ್ಟಗಿಯಲ್ಲಿ ಹೊಸಪೇಟೆಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ 50 ಸಿಗುತ್ತದೆ. ಅದರ ಪಕ್ಕದ ಗ್ಯಾರೇಜೊಂದರಲ್ಲಿ ಚೈನು ಬಿಗಿ ಮಾಡಿಸಲು ನಿಂತೆ. ನಾನು ಬಂದ ಉದ್ದೇಶ ಕೇಳಿ ಮಿಸ್ತ್ರಿ ಪಾನಾ ಕೆಳಗಿಟ್ಟ. "ಗಾಡಿ ಜಾರಸೂದನ್ನೂ ಕಲಸ್ತಾರೇನ್ರಿ ಸರ? ಇಲ್ಲೆ ನಾವು ಜಾರಿ ಬಿದ್ದ ಗಾಡಿ ನೆಟ್ಟಗ ಮಾಡೂದರಾಗ ಜೀವನಾ ಹೊಂಟೈತಿ."

ಕಲಿಸುತ್ತಾರೆ, ಕರ್ನಾಟಕದಲ್ಲೇ ಕಲಿಸಿದ್ದಾರೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದರು. ಮಣ್ಣಿನ ಮೇಲೆ ಹಿಂಚಕ್ರ ಜಾರಿಸಿ ತಿರುವು ತೆಗೆಯುವುದನ್ನು ಹೇಳಿಕೊಡುವ ರಾಯಲ್ ಎನ್‌ಫೀಲ್ಡ್ ಕಂಪನಿಯ ಸ್ಲೈಡ್ ಸ್ಕೂಲ್ ಅಲ್ಲಿ ನಡೆದಿದೆ. ಸ್ಪೀಡ್‌ವೇಗೆ ನಮ್ಮ ನಾಡಿನಲ್ಲಿ ಅತಿ ಹತ್ತಿರದ ನೆಂಟ ಅದೇ.

"ಬಯಲಾಗ ಓಡಿಸಿದ್ರ ಸಾಯಂಗಿಲ್ಲೇನ್ರಿ?" ಮಿಸ್ತ್ರಿ ಕೇಳಿದ.

ಸುಳ್ಳು ಹೇಳಲಾಗಲಿಲ್ಲ. ಬೆಂಗಳೂರಿನ ಕೊಪ್ಪರಂ ಶ್ರೇಯಸ್ ಹರೀಶ್, 13 ವರ್ಷದ ಅಸಾಧಾರಣ ಸವಾರ, 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಸರ್ಕ್ಯೂಟಿನಲ್ಲಿ ಓಟದ ನಡುವೆ ಬಿದ್ದು ತೀರಿಕೊಂಡ. ಆ ಸುದ್ದಿ ಓದಿದ ದಿನ ನನ್ನ ಹುಚ್ಚಿನ ಬಗ್ಗೆ ನನಗೇ ಅಂಜಿಕೆಯಾಯಿತು. ಟ್ರ್ಯಾಕ್ ಎಂದರೆ ಅಪಾಯವೇ ಇಲ್ಲದ ಜಾಗ ಅಲ್ಲ. ಆದರೆ ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ. ಸ್ಪೀಡ್‌ವೇಯಲ್ಲಿ ಸವಾರ ಬಿದ್ದರೆ ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ. ದೊಡ್ಡ ಪಂದ್ಯಗಳಲ್ಲಿ ತಿರುವಿನ ಗೋಡೆಗೆ ಗಾಳಿ ತುಂಬಿದ ದಿಂಬಿನ ಬೇಲಿ ಇರುತ್ತದೆ. ವೈದ್ಯರು ಬರದೆ ಪಂದ್ಯ ಶುರುವಾಗುವುದಿಲ್ಲ. ಮಿಸ್ತ್ರಿ ಸುಮ್ಮನೆ ಕೇಳಿ, "ಇಲ್ಲಿ ಹೈವೇದಾಗ ಇದ್ಯಾವುದೂ ಇಲ್ಲ ಬಿಡ್ರಿ" ಎಂದ.

ಯಲಬುರ್ಗಾದ ದಾರಿಯುದ್ದಕ್ಕೂ ಪೋಲೆಂಡ್ ತಲೆಯಲ್ಲಿ ತಿರುಗುತ್ತಿತ್ತು. 21 ವರ್ಷದೊಳಗಿನವರ ತಂಡಗಳ ವಿಶ್ವ ಸ್ಪೀಡ್‌ವೇ ಚಾಂಪಿಯನ್‌ಶಿಪ್ 2005ರಲ್ಲಿ ಚೆಕ್ ಗಣರಾಜ್ಯದ ಪಾರ್ದುಬಿತ್ಸೆಯಲ್ಲಿ ಶುರುವಾಯಿತು. ಮೊದಲ ಸಲ ಗೆದ್ದದ್ದು ಪೋಲೆಂಡ್. ಆಮೇಲೂ ಹೆಚ್ಚಿನ ಸಲ ಅದರದೇ ಗೆಲುವು. ಇದು ರಕ್ತದ ಗುಣವಲ್ಲ. ಅಲ್ಲಿನ ಲೀಗಿನಲ್ಲಿ ಪ್ರತಿ ತಂಡವೂ ಎಳೆಯ ಸವಾರರನ್ನು ಇಳಿಸಲೇಬೇಕೆಂಬ ನಿಯಮ ಇದೆ. ಹೆಸರಾಂತ ಕ್ಲಬ್ಬಿರುವ ಲೆಶ್ನೋ ನಮ್ಮ ಕೊಪ್ಪಳಕ್ಕಿಂತ ದೊಡ್ಡ ಊರೇನಲ್ಲ. ಅಷ್ಟು ಸಣ್ಣ ಊರಿನ ಜನ ಭಾನುವಾರ ಕ್ರೀಡಾಂಗಣ ತುಂಬುತ್ತಾರೆ, ತಮ್ಮ ಓಣಿಯ ಹುಡುಗ ಸುತ್ತುವುದನ್ನು ನೋಡಲು.

ಪಂದ್ಯ ನಡೆಸುವ ಶಿಸ್ತು ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಬಾರದು. ಈ ಭಾಗದ ತೆರಬಂಡಿ ಸ್ಪರ್ಧೆ ನೋಡಿದವರಿಗೆ ಗೊತ್ತು: ಗೊತ್ತುಪಡಿಸಿದ ನಿಮಿಷಗಳಲ್ಲಿ ಯಾವ ಜೋಡೆತ್ತು ಹೆಚ್ಚು ದೂರ ಎಳೆಯಿತೆಂದು ಗಡಿಯಾರ ಹಿಡಿದು, ಟೇಪು ಹಿಡಿದು ಅಳೆಯುತ್ತಾರೆ. ಅಡಿ ಇಂಚಿನ ಲೆಕ್ಕಕ್ಕೆ ಇಡೀ ಊರೇ ಸಾಕ್ಷಿ.

ಯಲಬುರ್ಗಾದ ಹೊರಗೆ ಎರೆಹೊಲದಲ್ಲಿ ಹಿಂಗಾರಿ ಜೋಳ ಎದೆಮಟ್ಟ ನಿಂತಿತ್ತು, ದೂರದಲ್ಲಿ ಗಾಳಿಯಂತ್ರಗಳು. ಬದುವಿನ ಮೇಲೆ ಕೂತಿದ್ದ ರೈತರೊಬ್ಬರು ತೆರಬಂಡಿ ನಡೆಸಿದ ಅನುಭವಸ್ಥರು. ಅವರಿಗೆ ಸ್ಪೀಡ್‌ವೇ ಟ್ರ್ಯಾಕಿನ ಲೆಕ್ಕ ಹೇಳಿದೆ: ಅಂತಾರಾಷ್ಟ್ರೀಯ ನಿಯಮದಂತೆ ಒಂದು ಸುತ್ತಿಗೆ 260ರಿಂದ 425 ಮೀಟರ್, ಮೇಲೆ ಸಣ್ಣ ಕಲ್ಲುಪುಡಿ ಹಾಸಬೇಕು.

"ಎರಿ ನೆಲದಾಗ ಬ್ಯಾಡ್ರಿ," ಎಂದರು ತಕ್ಷಣ. "ಹಸಿ ಆದ್ರ ಅಂಟತೈತಿ, ಒಣಗಿದ್ರ ಬಿರೀತೈತಿ. ಕುಷ್ಟಗಿ ಕಡೆ ಮಸಾರಿ ನೋಡ್ರಿ, ತಳದಾಗ ಗರಸು ಇರತೈತಿ. ಕಲ್ಲುಪುಡಿ ಅಂದ್ರ ಇಳಕಲ್ಲ ಬಾಜೂಕs ಐತಲ್ರಿ."

ಇಳಕಲ್ಲಿನ ಗ್ರಾನೈಟು! ಹೊರನಾಡಿನ ಎಷ್ಟೋ ಟ್ರ್ಯಾಕುಗಳ ಮೇಲೆ ಹಾಸುವುದು ಗ್ರಾನೈಟ್ ಪುಡಿಯನ್ನೇ. ಅದನ್ನು ಹೇಳಿದಾಗ ಅವರ ಮುಖ ಅರಳಿತು. "ನಮ್ಮ ಬೀಗರದು ಆ ಕಡೆ ಹೊಲ ಐತ್ರಿ. ಬೆಳಿ ಅಷ್ಟಕ್ಕಷ್ಟ" ಎನ್ನುತ್ತ ಫೋನು ಹಚ್ಚಿ, ಎಲ್ಲವನ್ನೂ ನನಗಿಂತ ಚೆನ್ನಾಗಿ ಬಿಡಿಸಿ ಹೇಳಿ, ನನ್ನ ಕೈಗೆ ಕೊಟ್ಟರು. ಆ ಕಡೆಯಿಂದ ಬೀಗರು ಬಾಡಿಗೆ ಕೇಳಲಿಲ್ಲ.

"ಆಂಬುಲೆನ್ಸು ಎಷ್ಟೊತ್ತು ನಿಂದರತೈತ್ರಿ?"

ಕೊನೆಯ ಹುಡುಗ ಗಾಡಿ ಇಳಿಯುವ ತನಕ, ಎಂದೆ. "ಹಂಗಾದ್ರ ಬಂದು ಹೊಲಾ ನೋಡ್ರಿ" ಎಂದರು.