ಬಾಟಲಿಗೂ ಒಂದು ಜಾತಕ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಯ ಗಡಿಬಿಡಿಯ ಜೊತೆಗೆ ಇನ್ನೊಂದು ಗಡಿಬಿಡಿಯೂ ಹುಟ್ಟುತ್ತದೆ. ಮಂಜೂರಾದ ಹಣವನ್ನು ಮೂವತ್ತೊಂದನೆಯ ತಾರೀಖಿನೊಳಗೆ ವೆಚ್ಚ ಮಾಡಿ ಮುಗಿಸಬೇಕಲ್ಲ! ರಸಾಯನಶಾಸ್ತ್ರ ವಿಭಾಗಕ್ಕೆ ಎರಡು ಬಾಟಲಿ ಸಾಕಾಗುವಲ್ಲಿ ಹನ್ನೆರಡು ಬಂದಿಳಿಯುತ್ತವೆ. "ಇರಲಿ ಬಿಡಿ ಸಾರ್, ಮುಂದಿನ ವರ್ಷಕ್ಕಾಯಿತು" ಎಂದು ಗುಮಾಸ್ತರು ಸಮಾಧಾನ ಹೇಳುತ್ತಾರೆ. ಬೆಲ್ಲ, ಬೇಳೆಗಳ ವಿಷಯದಲ್ಲಿ ಒಪ್ಪತಕ್ಕ ಮಾತು ಅದು. ಈಥರಿನ ವಿಷಯದಲ್ಲಿ ಅಲ್ಲ.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯವನಾದ ನಾನು ರಸಾಯನಶಾಸ್ತ್ರವನ್ನು ಬೋಧಿಸಿಯೇ ಆಯುಷ್ಯದ ಬಹುಭಾಗವನ್ನು ಕಳೆದವನು. ಒಮ್ಮೆ ಒಂದು ಕಾಲೇಜಿಗೆ ದಾಸ್ತಾನಿನ ಪರಿಶೀಲನೆಗೆಂದು ಹೋಗಿದ್ದೆ. ಲೆಕ್ಕವೇನೋ ಚೊಕ್ಕವಾಗಿತ್ತು. ಪುಸ್ತಕದಲ್ಲಿ ಈಥರ್ ಆರು ಬಾಟಲಿ, ಕಪಾಟಿನಲ್ಲಿಯೂ ಆರು. ಆದರೆ ಹಿಂದಿನ ಸಾಲಿನ ಬಾಟಲಿಯೊಂದರ ಮುಚ್ಚಳದ ಸುತ್ತ ಬಿಳಿಯ ಹರಳು ಕಟ್ಟಿತ್ತು.

"ತೆಗೆದು ತೋರಿಸಲೇ ಸಾರ್?" ಎಂದು ಜವಾನ ಕೈಚಾಚಿದ.

"ಬೇಡಪ್ಪ, ಮುಟ್ಟಬೇಡ" ಎಂದೆ.

ಒಮ್ಮೆ ತೆರೆದ ಈಥರ್ ಗಾಳಿಯ ಆಮ್ಲಜನಕದೊಡನೆ ಕೂಡಿ ಮೆಲ್ಲಮೆಲ್ಲನೆ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಹರಳುಗಟ್ಟಿದ ಮೇಲೆ ಮುಚ್ಚಳ ತಿರುಗಿಸುವ ಉಜ್ಜುವಿಕೆಯೇ ಸ್ಫೋಟಕ್ಕೆ ಸಾಕಾದೀತು. ಬಾಟಲಿಯನ್ನು ಯಾವಾಗ ತೆರೆದರೆಂಬುದನ್ನು ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಕೋಣೆಗೆ ಬೀಗ ಹಾಕಿಸಿ, ಆ ಕೆಲಸ ಬಲ್ಲವರನ್ನು ಕರೆಸಿ ವಿಲೇವಾರಿ ಮಾಡಿಸಬೇಕಾಯಿತು. ನಮ್ಮ ದಾಸ್ತಾನು ಪುಸ್ತಕ "ಇದೆಯೇ?" ಎಂದು ಕೇಳುತ್ತದೆ, "ಇರಬೇಕೆ?" ಎಂದು ಕೇಳುವುದಿಲ್ಲ.

ನಮ್ಮೂರಿನ ಕಡೆ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವರು. ತುಂಬುವಾಗಲೇ ತೆಗೆಯುವ ದಿನದ ಅಪಾಯವೂ ಅವರ ಮನಸ್ಸಿನಲ್ಲಿರುತ್ತಿತ್ತು. ಪದವಿಗಳಿಲ್ಲದ ಆ ರೈತರ ಎಚ್ಚರ ನಮ್ಮ ವಿದ್ಯಾಮಂದಿರಗಳಿಗೆ ಬೇಡವೆ?

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ದೆಹಲಿಯ ಉದಾಹರಣೆಯೇ ಸಾಕು. ಅಲ್ಲಿನ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-60ರ ಯಂತ್ರವೊಂದನ್ನು 2010ರಲ್ಲಿ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಅಂಗಡಿಯನ್ನು ಸೇರಿತು. ಏನೆಂದರಿಯದೆ ಒಡೆದವರಿಗೆ ವಿಕಿರಣ ತಗುಲಿತು; ಒಬ್ಬ ಕೂಲಿಕಾರ ಪ್ರಾಣ ತೆತ್ತ. ಕೊಂಡವರ ನೆನಪು ಅಳಿದರೂ ಕೊಂಡ ವಸ್ತುವಿನ ಶಕ್ತಿ ಅಳಿದಿರಲಿಲ್ಲ.

ಆಮ್ಲ ದಾಳಿಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2013ರ ಜುಲೈನಲ್ಲಿ ಒಂದು ಕಟ್ಟಳೆ ವಿಧಿಸಿತು. ಆಮ್ಲವನ್ನಿಡುವ ವಿದ್ಯಾಸಂಸ್ಥೆಗಳು ಬಳಕೆಯ ಲೆಕ್ಕವನ್ನು ಬರೆದಿಟ್ಟು ಉಪವಿಭಾಗದ ದಂಡಾಧಿಕಾರಿಗೆ ಸಲ್ಲಿಸಬೇಕು. ಅದರ ರಕ್ಷಣೆಗೆ ಒಬ್ಬ ವ್ಯಕ್ತಿ ಹೊಣೆಯಾಗಿರಬೇಕು. ಆ "ಒಬ್ಬ" ಎಂಬ ಮಾತಿನಲ್ಲಿಯೇ ಎಲ್ಲವೂ ಇದೆ. ಹತ್ತು ಜನ ಸಹಿ ಹಾಕಿದ ಕಾಗದಕ್ಕೆ ಕೊನೆಯಲ್ಲಿ ಹೊಣೆಯಾಗುವವರೇ ಇರುವುದಿಲ್ಲ.

ಆದ್ದರಿಂದ ಕೊಳ್ಳುವ ಇಂಡೆಂಟಿನಲ್ಲಿಯೇ ಮೂರು ಪ್ರಶ್ನೆಗಳಿಗೆ ಉತ್ತರವಿರಲಿ: ಎಷ್ಟು ಬೇಕು? ಎಲ್ಲಿಡುವಿರಿ? ಉಳಿದುದನ್ನು ಏನು ಮಾಡುವಿರಿ? ಉತ್ತರವಿಲ್ಲದ ಇಂಡೆಂಟು, ಹಣವಿದ್ದರೂ ಹಿಂದಿರುಗಲಿ. ಬಂದ ದಿನ, ತೆರೆದ ದಿನ, ಮುಗಿಯುವ ದಿನ, ಈ ಮೂರನ್ನೂ ಬಾಟಲಿಯ ಮೈಮೇಲೆ ಬರೆಯಲು ತಗಲುವುದು ಒಂದು ಚೀಟಿ, ನಾಲ್ಕು ಹನಿ ಅಂಟು.

ಬೆಳಗ್ಗೆ ಹೊಸಕೋಟೆಯ ಬಸ್ಸಿಗೆ ನಮ್ಮೂರ ತಾಯಂದಿರು ಮಕ್ಕಳನ್ನು ಹತ್ತಿಸಿ ಕಳಿಸುತ್ತಾರೆ. ಕಾಲೇಜಿನ ಕಪಾಟಿನಲ್ಲಿ ಏನಿದೆಯೆಂದು ಅವರು ಕೇಳುವುದಿಲ್ಲ. ಕೇಳಿ ತಿಳಿದುಕೊಂಡವರು ಅಲ್ಲಿದ್ದಾರೆಂದು ನಂಬಿರುತ್ತಾರೆ. ಆ ನಂಬಿಕೆಗೆ ಎರವಾಗದಿದ್ದರೆ ಅಷ್ಟೇ ಸಾಕು.